ಎದೆ ಬಿಟ್ಟರೆ ಏನೂ ಇಲ್ಲದ ಕೋಳಿಗಳು

ಫಾರಂ ಕೋಳಿ ಸಾಕಿದವರ ಮನೆಯಲ್ಲಿ ಜಗಳಕ್ಕೆ ಕಾರಣ ಹುಡುಕಬೇಕಾಗಿಲ್ಲ. ಅದು ತಾನಾಗಿಯೇ ಕಾಲೆಳೆದುಕೊಂಡು ಶೆಡ್ಡಿನಿಂದ ಹೊರಗೆ ಬರುತ್ತದೆ. ಜಗಳ ಮುಗಿದ ಮೇಲೆ ನಗು ಬರುತ್ತದೆ, ಅದೂ ಪುಕ್ಕಟೆ.

ಕುದುರೆಮುಖದಲ್ಲಿ ಇನ್ನೂ ಗಣಿ ನಡೆಯುತ್ತಿದ್ದ ಕಾಲ. ನಮ್ಮದು ಬಾಳೂರಿನ ಹತ್ತಿರ ಚಿಕ್ಕ ಕಾಫಿ ತೋಟ. ಗಂಡ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು. ನಾನು ಹತ್ತನೇ ಕ್ಲಾಸು ಮುಗಿಸಿ ಮದುವೆಯಾಗಿ ಬಂದವಳು, ಕಂಕುಳಲ್ಲಿ ಪುಟ್ಟ ಮಗಳು. ಮನೆ ಹಿಂದೆ ಖಾಲಿ ಬಿದ್ದಿದ್ದ ಶೆಡ್ಡಿನಲ್ಲಿ ಫಾರಂ ಕೋಳಿ ಸಾಕುತ್ತೇನೆ ಅಂದೆ. ಆಗ ನಮ್ಮ ಸುತ್ತಿನಲ್ಲಿ ನಾಟಿ ಕೋಳಿ ಬಿಟ್ಟರೆ ಬೇರೆ ಯಾವುದನ್ನೂ ಕೋಳಿ ಎಂದು ಯಾರೂ ಒಪ್ಪುತ್ತಿರಲಿಲ್ಲ. ಅತ್ತೆ ಷರತ್ತು ಹಾಕಿದರು: "ಊರಿನವರು ನಿನ್ನ ಕೋಳಿ ತಿಂದ್ರೆ ಶೆಡ್ಡು ನಿಂದು. ತಿನ್ನದಿದ್ರೆ ಮಳೆಗಾಲಕ್ಕೆ ಮುಂಚೆ ಅದಕ್ಕೆ ಸೌದೆ ತುಂಬಿಸ್ತೇನೆ. ನೀನು ನನ್ನ ಜೊತೆ ತೋಟಕ್ಕೆ ಬಾ."

ಅತ್ತೆಯ ಜೊತೆ ದಿನವಿಡೀ ತೋಟದಲ್ಲಿರುವುದಕ್ಕಿಂತ ಕೋಳಿಗಳ ಜೊತೆ ಇರುವುದು ಮೇಲು. ಕೋಳಿಗಳು ನನ್ನ ತವರುಮನೆಯ ಸುದ್ದಿ ಎತ್ತುವುದಿಲ್ಲ.

ಓಟದ ಪರೀಕ್ಷೆ

ಮೊದಲ ಗಿರಾಕಿ ಮೇಲಿನ ಮನೆಯ ದೊಡ್ಡಮ್ಮ. ನಮ್ಮ ಕಡೆ ಕೋಳಿ ಕೊಳ್ಳುವ ಕ್ರಮವೇ ಬೇರೆ. ಕೈಯಲ್ಲಿ ತೂಗಿ ನೋಡುವುದಲ್ಲ, ಅಂಗಳದಲ್ಲಿ ಬಿಟ್ಟು ಓಡಿಸಿ ನೋಡುವುದು. ಹಿಡಿಯಲು ಎಷ್ಟು ಕಷ್ಟವೋ ಕೋಳಿ ಅಷ್ಟು ಗಟ್ಟಿ, ಸಾರು ಅಷ್ಟು ರುಚಿ.

"ಬಿಡು ಮಾರಾಯ್ತಿ, ಓಟ ನೋಡುವ" ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿ ತಯಾರಾದರು.

ಬಿಟ್ಟೆ. ಕೋಳಿ ಎರಡು ಹೆಜ್ಜೆ ಇಟ್ಟು, ದೊಡ್ಡ ಎದೆಯನ್ನು ನೆಲಕ್ಕಿಟ್ಟು ಕುಳಿತಿತು. ದೊಡ್ಡಮ್ಮ ಚಪ್ಪಾಳೆ ತಟ್ಟಿದರು. ಅದು ಅವರ ಮುಖ ನೋಡಿತು. ಹಿಂದಿನಿಂದ ಕೋಲಲ್ಲಿ ತಿವಿದರು. ಅದು ಮುಂದಕ್ಕೆ ಜಾರಿ, ಜಾರಿದಲ್ಲೇ ಕುಳಿತಿತು.

"ಇದಕ್ಕೆ ಕಾಯಿಲೆ" ಅಂದರು.

"ಕಾಯಿಲೆಯಲ್ಲ ದೊಡ್ಡಮ್ಮ, ಭಾರ. ಎದೆ ಬೆಳೆದ ಹಾಗೆ ಕಾಲು ಬೆಳೆಯೋದಿಲ್ಲ ಇದಕ್ಕೆ."

"ಕುಂತ ಕೋಳಿ ತಿಂದು ನಾನೂ ಕುಂತ್ರೆ ನನ್ನ ಎತ್ತೋರು ಯಾರು?" ಎಂದು ಬರಿಗೈಯಲ್ಲೇ ಹೊರಟರು.

ಆ ವಾರವಷ್ಟೇ ನನ್ನ ಮಗಳು ಗೋಡೆ ಹಿಡಿದು ಹೆಜ್ಜೆ ಇಡಲು ಶುರುಮಾಡಿದ್ದಳು. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಅತ್ತೆ, ಕೇಳುವವರಿಗೆಲ್ಲ ಕೇಳಲಿ ಎಂದು ಹೇಳಿದರು: "ಈ ಮನೆಯಲ್ಲಿ ಒಬ್ಳು ನಡೆಯೋದು ಕಲೀತಿದ್ದಾಳೆ, ಶೆಡ್ಡು ತುಂಬಾ ಮರೀತಿದ್ದಾರೆ."

ಹಾದುಹೋದ ಕೋಳಿ

ನಾದಿನಿಯ ಗಂಡ ಊಟಕ್ಕೆ ಬರುತ್ತಾರೆಂದು ಸುದ್ದಿ ಬಂತು. ಕಡುಬು, ಕೋಳಿಸಾರು. ಅಳಿಯನಿಗೆ ಫಾರಂ ಕೋಳಿ ಬಡಿಸುವುದು ಅತ್ತೆಗೆ ಇಷ್ಟವಿರಲಿಲ್ಲ, ಆದರೆ ಗಂಡ ಹಟ ಹಿಡಿದು ಶೆಡ್ಡಿನದನ್ನೇ ಕೊಯ್ದರು. ಸಿಟ್ಟಿನಲ್ಲಿ ಅತ್ತೆ ಹಾಲು ಕರೆಯುವ ಹೊತ್ತಿಗೇ ಸಾರನ್ನು ಒಲೆಗಿಟ್ಟರು.

"ಅತ್ತೆ, ಇದು ಎಳೆ ಮಾಂಸ. ಊಟದ ಹೊತ್ತಿಗೆ ಇಟ್ಟರೆ ಸಾಕು."

"ಕೋಳಿ ಬೇಯಿಸೋದನ್ನೂ ಹತ್ತನೇ ಕ್ಲಾಸಲ್ಲಿ ಹೇಳಿಕೊಟ್ರಾ ನಿಂಗೆ?"

ನಾಟಿ ಹುಂಜಕ್ಕೆ ಉರಿಸುವಷ್ಟು ಸೌದೆ ಉರಿಯಿತು. ಮಧ್ಯಾಹ್ನ ಎಲೆ ಹಾಕಿ, ಅಳಿಯನಿಗೆ ಮೊದಲು ಎಂದು ಅತ್ತೆ ಸೌಟು ಮುಳುಗಿಸಿದರು. ಮೂಳೆ ಬಂತು. ಇನ್ನೊಮ್ಮೆ ಮುಳುಗಿಸಿದರು. ಇನ್ನೊಂದು ಮೂಳೆ, ತೊಳೆದಿಟ್ಟ ಹಾಗೆ ಬೆಳ್ಳಗೆ. ಪಾತ್ರೆಯನ್ನು ತಳದಿಂದ ಕಲಕಿದರು. ತಳದಲ್ಲೂ ಮೂಳೆ.

ಅತ್ತೆ ಮೊದಲು ನನ್ನ ಮುಖ ನೋಡಿದರು. ಆಮೇಲೆ ಒಲೆ ಹತ್ತಿರ ಮಲಗಿದ್ದ ಬೆಕ್ಕನ್ನು ಎತ್ತಿ ಅದರ ಬಾಯಿ ಮೂಸಿದರು. ನನ್ನ ಬಾಯಿ ಮೂಸಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು.

ಅಳಿಯ ಒಳ್ಳೆಯ ಮನುಷ್ಯ. ಕಡುಬನ್ನು ಸಾರಿನಲ್ಲಿ ಅದ್ದಿ, ನಿಧಾನವಾಗಿ ಅಗಿದು, ಅತ್ತೆಗೆ ಸಮಾಧಾನ ಹೇಳಿದರು: "ಸಾರು ಚೆನ್ನಾಗಿದೆ ಅತ್ತೆ. ಕೋಳಿ ಈ ದಾರಿಯಲ್ಲೇ ಹಾದುಹೋಗಿದೆ ಅಂತ ಗೊತ್ತಾಗ್ತದೆ."

ಗೆರೆ

ಕೆಲವು ಕೋಳಿಗಳ ಎದೆಯ ಮಾಂಸದಲ್ಲಿ ಉದ್ದುದ್ದ ಬಿಳಿ ಗೆರೆ ಇರುತ್ತಿತ್ತು. ಒಂದು ದಿನ ಕೋಳಿ ಕೊಳ್ಳಲು ಬೇರೆ ಊರಿನ ಗಂಡ ಹೆಂಡತಿ ಬಂದಿದ್ದರು. ಹೆಂಡತಿ ಕೊಯ್ದ ಮಾಂಸ ನೋಡಿ, "ಇದೆಂತ ಗೆರೆ? ಹುಳನಾ?" ಅಂದರು.

"ಹುಳ ಅಲ್ಲಕ್ಕ. ಮೈ ತಡೆಯೋದಕ್ಕಿಂತ ಬೇಗ ಉಬ್ಬಿದೆ, ಅದಕ್ಕೆ ಗೆರೆ. ಹೆತ್ತ ಮೇಲೆ ನನ್ನ ಹೊಟ್ಟೆ ಮೇಲೂ ಬಿದ್ದಿದೆ. ನಿಮಗೆ ಬೀಳ್ಲಿಲ್ವಾ?"

ಅವರ ಮುಖ ಕೆಂಪಾಯಿತು. ಅವರ ಗಂಡ ಚೀಲ ಚಾಚಿ, "ಹಾಕಮ್ಮ, ನಂಗೆ ಅಭ್ಯಾಸ ಇದೆ" ಅಂದರು. ದಾರಿಯುದ್ದಕ್ಕೂ ಆ ಗಂಡನಿಗೆ ಎಂತ ಸಿಕ್ಕಿತೋ ಗೊತ್ತಿಲ್ಲ. ಕೋಳಿಗಂತೂ ಬೈಗುಳ ಬಿದ್ದಿರಲಿಕ್ಕಿಲ್ಲ.

ನೀರು ಬಿಟ್ಟ ಮಾಂಸ

ಊರಿನವರು ತಿನ್ನದಿದ್ದರೆ ಬೇಡ, ಕುದುರೆಮುಖದ ಕ್ವಾರ್ಟರ್ಸಿನಲ್ಲಿ ಹೊರಗಿನವರಿದ್ದಾರೆ, ಅವರಿಗೆ ಫಾರಂ ಕೋಳಿಯೇ ಬೇಕು ಎಂದು ಗಂಡ ರಜೆ ಹಾಕಿ ಜೀಪು ಮಾಡಿಕೊಂಡು ಹೋದರು. ನಾನೂ ಮಗಳನ್ನು ಎತ್ತಿಕೊಂಡು ಹತ್ತಿದೆ. ಬೇಸಗೆ. ಟಾರ್ಪಾಲಿನ ಕೆಳಗೆ ಕೋಳಿ, ಕಳಸ ದಾಟಿದ ಮೇಲೆ ತಿರುವಿನ ಮೇಲೆ ತಿರುವು. ಮುಟ್ಟುವಷ್ಟರಲ್ಲಿ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಇಳಿಸಿದ ಕೂಡಲೇ ಅಲ್ಲೇ ಕೊಯ್ದು ಕೊಟ್ಟೆವು.

ಸ್ವಲ್ಪ ಹೊತ್ತಿಗೆ ಒಬ್ಬ ಮೇಡಂ ಬಾಣಲೆಯನ್ನೇ ಹಿಡಿದುಕೊಂಡು ಬಂದರು. ಒಳಗೆ ಮಾಂಸ ಸುಣ್ಣದ ಹಾಗೆ ಬೆಳ್ಳಗೆ, ಸುತ್ತ ನೀರು.

"ನಾನು ಹುರಿಯಲಿಕ್ಕೆ ಇಟ್ಟೆ. ಇದು ಸ್ನಾನ ಮಾಡ್ತಿದೆ. ನೀರು ಹಾಕಿ ಮಾರ್ತೀರಾ?"

"ಇಲ್ಲ ಮೇಡಂ" ಎಂದರು ಗಂಡ. "ಬಿಸಿಲು, ಗಾಬರಿ. ಗಾಬರಿಯಾದ ಕೋಳಿಯನ್ನ ತಕ್ಷಣ ಕೊಯ್ದರೆ ಮಾಂಸ ನೀರು ಹಿಡ್ಕೊಳ್ಳೋದಿಲ್ಲ. ಈ ರಸ್ತೆಯಲ್ಲಿ ಬಂದದ್ದಲ್ವಾ."

"ನಾನೂ ಇದೇ ರಸ್ತೆಯಲ್ಲೇ ಬಂದದ್ದು. ನನ್ನಿಂದ ನೀರು ಸುರೀಲಿಲ್ಲ."

ನನ್ನ ಗಂಡನಿಗೆ ಎಲ್ಲಿ ನಿಲ್ಲಿಸಬೇಕೆಂದು ಇವತ್ತಿಗೂ ಗೊತ್ತಿಲ್ಲ. "ವಾಂತಿನೂ ಆಗ್ಲಿಲ್ವಾ ಮೇಡಂ?" ಎಂದು ಕೇಳಿದರು.

ಮೇಡಂ ನನ್ನನ್ನು ನೋಡಿದರು. ಸೆರಗಿನ ಮೇಲೆ ಮಗಳು ಕಕ್ಕಿದ್ದನ್ನೂ ನೋಡಿದರು. ಬಾಣಲೆ ತೆಗೆದುಕೊಂಡು ಒಳಗೆ ಹೋದರು. ಮರಳಿ ಬರುವಾಗ ಗಂಡ ಜೀಪಿನವನಿಗೆ, "ಕೋಳಿಯ ಕಷ್ಟ ಅವರಿಗೂ ಅರ್ಥ ಆಯ್ತು" ಅಂದರು.

ಹಸಿರು

ಇದು ಮಾತ್ರ ಸಣ್ಣ ವಿಷಯವಾಗಿರಲಿಲ್ಲ. ಪಕ್ಕದ ಎಸ್ಟೇಟಿನ ಗೌಡರು, ಅಂದರೆ ನನ್ನ ಗಂಡನಿಗೆ ಸಂಬಳ ಕೊಡುವವರು, ಸ್ನೇಹಿತರ ಊಟಕ್ಕೆಂದು ನಮ್ಮಲ್ಲಿ ಕೋಳಿ ತರಿಸಿದ್ದರು. ಅಡುಗೆಯವನು ಎದೆ ಬಿಡಿಸಿದಾಗ, ಮೂಳೆಗೆ ಅಂಟಿಕೊಂಡಿರುವ ಒಳಗಿನ ತುಂಡು ಹಚ್ಚ ಹಸಿರು. ಗೌಡರು ಅದನ್ನು ಬಾಳೆಲೆಯಲ್ಲಿ ಸುತ್ತಿಕೊಂಡು, ಜೀಪಿನಲ್ಲಿ ನಮ್ಮ ಅಂಗಳಕ್ಕೇ ಬಂದರು.

"ಎಂತಮ್ಮ ಇದು? ಕೋಳಿಗೂ ಬೋರ್ಡೋ ಹೊಡೆದಿದ್ದೀರಾ?"

ಬೋರ್ಡೋ ಅಂದರೆ ಮಳೆಗಾಲದಲ್ಲಿ ಕೊಳೆರೋಗ ಬಾರದಿರಲೆಂದು ಕಾಫಿಗೂ ಅಡಕೆಗೂ ಹೊಡೆಯುವ ಮೈಲುತುತ್ತದ ದ್ರಾವಣ. ಬಣ್ಣ ಹೆಚ್ಚುಕಡಿಮೆ ಅದೇ. ಅತ್ತೆ ಒಳಗೆ ಹೋಗಿ ಉಗ್ರಾಣದಲ್ಲಿ ಮೈಲುತುತ್ತದ ಚೀಲ ಕಟ್ಟಿದ ಹಾಗೇ ಇದೆಯೋ ಎಂದು ನೋಡಿ ಬಂದರು. ಸೊಸೆಯ ಮೇಲೆ ಅಷ್ಟು ನಂಬಿಕೆ.

ಗೌಡರನ್ನು ಜಗಲಿಯಲ್ಲಿ ಕೂರಿಸಿ, ಗಂಡ ಅವರ ಜೀಪಿನಲ್ಲೇ ಮೂಡಿಗೆರೆಗೆ ಹೋಗಿ ದನದ ಡಾಕ್ಟರನ್ನು ಕರೆತಂದರು. ಡಾಕ್ಟರು ತುಂಡನ್ನು ಮೂಸಿದರು, ಒತ್ತಿದರು, ನಕ್ಕರು.

"ವಿಷವೂ ಅಲ್ಲ, ಅಂಟುರೋಗವೂ ಅಲ್ಲ. ಕೋಳಿ ಬೆದರಿ ರೆಕ್ಕೆ ಬಡಿದುಕೊಂಡಿದೆ. ಇಷ್ಟು ದಪ್ಪ ಎದೆಯ ಕೋಳಿ ಜೋರಾಗಿ ರೆಕ್ಕೆ ಬಡಿದರೆ ಒಳಗಿನ ಮಾಂಸ ಊದ್ತದೆ. ಊದಲಿಕ್ಕೆ ಜಾಗ ಇಲ್ಲ, ರಕ್ತ ಹರಿಯೋದು ನಿಲ್ತದೆ, ಮಾಂಸ ಅಲ್ಲೇ ಸಾಯ್ತದೆ. ಕೆಲವು ದಿನ ಕಳೆದ ಮೇಲೆ ಹೀಗೆ ಹಸಿರು. ಆ ತುಂಡು ಬಿಸಾಡಿ. ಅದಿರಲಿ, ಇವನ್ನ ದಿನಾ ಯಾರು ಬೆದರಿಸ್ತಿದ್ದಾರೆ?"

ಎಲ್ಲರೂ ಗೌಡರ ಜೀಪಿನ ಕಡೆ ನೋಡಿದರು. ಹಿಂದಿನ ಸೀಟಿನಲ್ಲಿ ಕೋವಿ ಮಲಗಿತ್ತು. ಹಲಸು ಕಾಯಿ ಬಿಟ್ಟಾಗಿನಿಂದ ಗೌಡರು ದಿನಾ ಬೆಳಿಗ್ಗೆ ನಮ್ಮ ಬೇಲಿಯ ಹತ್ತಿರ ನಿಂತು ಮಂಗಗಳಿಗೆ ಗುಂಡು ಹಾರಿಸುತ್ತಿದ್ದರು. ಒಂದು ಮಂಗನೂ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಗಂಡ ಕಣ್ಣಲ್ಲೇ ನನಗೆ ಬೇಡ ಬೇಡ ಎಂದರು. ನನಗೆ ಕಣ್ಣಿನ ಭಾಷೆ ಬರುವುದಿಲ್ಲ.

"ಗೌಡ್ರೇ, ನಿಮ್ಮ ಗುರಿ ಸರಿ ಇಲ್ಲ ಅಂತ ಊರೆಲ್ಲ ಹೇಳೋದು ಸುಳ್ಳು. ಒಂದೇ ಗುಂಡಲ್ಲಿ ನಮ್ಮ ಶೆಡ್ಡಿನ ಎಲ್ಲ ಕೋಳಿಯನ್ನೂ ಹೊಡೆದಿದ್ದೀರಿ."

ಚೌಡಿಬನ

ಮಳೆಗಾಲ ಹತ್ತಿರ ಬಂತು. ಅತ್ತೆ ಸೌದೆ ಒಡೆಸಲು ಶುರುಮಾಡಿದ್ದರು. ಊರಿನವರು ಇನ್ನೂ ಬಾಯಿಗಿಟ್ಟಿರಲಿಲ್ಲ.

ಮಳೆಗೆ ಮುಂಚೆ ನಮ್ಮಲ್ಲಿ ಚೌಡಿಬನದ ಪೂಜೆ. ಮನೆಗೊಂದು ಹುಂಜ. ಪೂಜಾರಿ ಹುಂಜದ ತಲೆಗೆ ತೀರ್ಥ ಚಿಮುಕಿಸುತ್ತಾರೆ. ಹುಂಜ ತಲೆ ಕೊಡವಿದರೆ ಚೌಡಿ ಒಪ್ಪಿದಳು ಎಂದರ್ಥ, ಆಮೇಲೆ ಕಡಿಯುತ್ತಾರೆ. ಕೊಡವದಿದ್ದರೆ ಮುಟ್ಟುವ ಹಾಗಿಲ್ಲ, ಆ ಮನೆಯಲ್ಲಿ ಏನೋ ತಪ್ಪಿದೆ ಎಂದು ಲೆಕ್ಕ.

ಆ ಸಲ ಪೂಜೆಯ ಹಿಂದಿನ ದಿನ ನಮ್ಮ ಹರಕೆಯ ನಾಟಿ ಹುಂಜವನ್ನು ಕಾಡುಬೆಕ್ಕು ಕೊಂಡೊಯ್ದಿತು. ಬೇರೆ ಮನೆಯ ಹುಂಜಗಳೆಲ್ಲ ಅವರವರ ಹೆಸರಿಗೆ ಮೀಸಲು. ಹರಕೆ ತಪ್ಪಿಸುವಂತಿಲ್ಲ. ಅತ್ತೆ ಕಹಿ ಕಷಾಯ ಕುಡಿದ ಮುಖ ಮಾಡಿ, ನನ್ನ ಶೆಡ್ಡಿನ ಅತಿ ದೊಡ್ಡ ಹುಂಜವನ್ನು ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಬಂದರು.

ಬನದಲ್ಲಿ ಗುಸುಗುಸು. ಊರಿನ ಯಜಮಾನರು ಹೇಳಿದರು: "ಚೌಡಿ ಒಪ್ಪಿದ್ರೆ ನಾವೂ ಇವತ್ತೇ ತಿಂತೇವೆ, ಮುಂದೆಯೂ ತಿಂತೇವೆ. ಒಪ್ಪದಿದ್ರೆ ಆ ಶೆಡ್ಡಿನ ಮಾತೇ ಬೇಡ."

ಎಲ್ಲರ ಹುಂಜವೂ ನೀರು ಬಿದ್ದ ಕೂಡಲೇ ಕೊಡವಿತು. ನಮ್ಮ ಸರದಿ. ಪೂಜಾರಿ ಚಿಮುಕಿಸಿದರು. ಹುಂಜ ಕಣ್ಣು ಮುಚ್ಚಿತು. ಮತ್ತೆ ಚಿಮುಕಿಸಿದರು. ಕೊಕ್ಕಿನಿಂದ ಇಳಿದ ತೀರ್ಥವನ್ನು ಕುಡಿಯಿತು. ಪೂಜಾರಿಗೆ ಸಿಟ್ಟು ಬಂದು ತಂಬಿಗೆಯನ್ನೇ ಬಗ್ಗಿಸಿದರು. ಪೂರ್ತಿ ತೊಯ್ದು, ಮೊದಲು ಕುಳಿತ ಹಾಗೇ ಕುಳಿತಿತು.

"ನಿಲ್ಲಿಸಿ ನೋಡಿ" ಎಂದರು ಯಾರೋ. ಅತ್ತೆ ಅದರ ಎರಡೂ ರೆಕ್ಕೆ ಹಿಡಿದು, ಮಗುವಿಗೆ ನಡೆಯಲು ಕಲಿಸುವವರ ಹಾಗೆ ಎತ್ತಿ ನಿಲ್ಲಿಸಿದರು. ಕೈ ಬಿಟ್ಟರು. ಕುಳಿತಿತು.

"ನಿಮ್ಮ ಮನೇಲಿ ಏನೋ ತಪ್ಪು ನಡೆದಿದೆ" ಎಂದರು ಯಜಮಾನರು.

ಅದೊಂದು ಮಾತು ಸಾಕಾಯಿತು. ಇಷ್ಟು ತಿಂಗಳು ನನ್ನ ಕೋಳಿಯನ್ನು ಬೈದಿದ್ದ ಅತ್ತೆ ಸೆಟೆದು ನಿಂತರು. "ನಮ್ಮ ಮನೇಲಿ ಏನೂ ತಪ್ಪಿಲ್ಲ. ನಿಮ್ಮ ಹುಂಜಗಳು ಚಳಿಗೆ ನಡುಗಿದ್ದು, ಮೈಯಲ್ಲಿ ಮಾಂಸ ಎಲ್ಲಿದೆ ಅವಕ್ಕೆ? ನಮ್ಮದು ಯೋಚನೆ ಮಾಡ್ತಿದೆ. ತಡೀರಿ, ನಾನು ಕೇಳ್ತೇನೆ."

ಬಗ್ಗಿ, ಅದರ ಕಿವಿಯಲ್ಲಿ ಏನೋ ಹೇಳುವವರ ಹಾಗೆ ಮುಖ ಹತ್ತಿರ ತಂದರು. ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕಂಡಿತು: ಸೊಂಟದ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು, ಅಂಗೈಯಿಂದ ಹುಂಜದ ಮೂತಿಗೆ ಉಫ್ ಎಂದು ಊದಿದರು.

ಹುಂಜ ಮೊದಲು ಕಣ್ಣು ಪಿಳುಕಿಸಿತು. ಆಮೇಲೆ ಅದರ ಕತ್ತು ಉದ್ದವಾಯಿತು, ಒಂದು ಸೀನು ಬಂತು, ತಲೆಯಿಂದ ಬಾಲದವರೆಗೆ ಮೈಯೆಲ್ಲ ಕೊಡವಿ, ಎದುರಿಗಿದ್ದವರ ಮುಖಕ್ಕೆಲ್ಲ ತೀರ್ಥ ಹಾರಿಸಿತು. ಜನ ಕೈ ಮುಗಿದರು.

"ನೋಡಿದ್ರಲ್ಲ" ಎಂದರು ಅತ್ತೆ. "ಇನ್ನು ನನ್ನ ಸೊಸೆಯ ಶೆಡ್ಡಿನ ಬಗ್ಗೆ ಯಾರಿಗಾದ್ರೂ ತಕರಾರಿದ್ರೆ ಚೌಡಿ ಹತ್ರವೇ ಹೇಳಿ."

"ಆಯ್ತು, ಮಧ್ಯಾಹ್ನ ಎಲ್ಲರ ಎಲೆಗೂ ಇದೇ ಬೀಳ್ಲಿ" ಎಂದರು ಯಜಮಾನರು, ಮುಖ ಒರೆಸಿಕೊಳ್ಳುತ್ತಾ.

ಆದರೆ ನಶ್ಯ ಹುಂಜದ ಹತ್ತಿರವೇ ನಿಂತಿರಲಿಲ್ಲ. ಗಾಳಿ ಪೂಜಾರಿಯ ಕಡೆಗಿತ್ತು. ಅವರು ಬಾಯಿ ತೆರೆದರು, ಮುಚ್ಚಿದರು, ಇನ್ನೊಮ್ಮೆ ತೆರೆದರು. ಸೀನು ಬಂದಾಗ ಜುಟ್ಟು ಬಿಚ್ಚಿಹೋಯಿತು, ತಲೆ, ಭುಜ, ಹೊಟ್ಟೆ ಎಲ್ಲವನ್ನೂ ಗಡಗಡ ಕೊಡವಿದರು.

ಕಣ್ಣು ಸರಿಯಾಗಿ ಕಾಣದ, ಹುಂಜ ಕಡಿಯಲು ಕತ್ತಿ ಹಿಡಿದು ಕಾಯುತ್ತಿದ್ದ ಅಜ್ಜ ಹುಂಜದ ಕಡೆ ನೋಡಿದರು, ಪೂಜಾರಿಯ ಕಡೆ ನೋಡಿದರು, ಆಮೇಲೆ ಯಜಮಾನರನ್ನು ಕೇಳಿದರು: "ಇಬ್ರೂ ಕೊಡವಿದ್ರು. ಮೊದಲು ಯಾರನ್ನ ಕಡಿಯೋದು?"