ಜಿಂಕೆಯ ತೊಡೆಯೂ ಉದ್ದನೆಯ ಪ್ರಸಂಗವೂ

ಜಿಂಕೆ ಮಾಂಸವನ್ನು ಬೆಣ್ಣೆಯ ಹಾಗೆ ಬೇಯಿಸಬಲ್ಲವನು ಈ ಹ್ಯಾರಿಸ್ ದ್ವೀಪದಲ್ಲಿ ಒಬ್ಬನೇ ಇದ್ದಾನೆ, ಅವನು ನಾನು. ಹೋದ ಅಕ್ಟೋಬರ್‌ವರೆಗೂ ಹೀಗೆಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಆದರೆ ತಪ್ಪು ನನ್ನದಲ್ಲ! ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೇಟೆಗೆ ಬರುವ ದೊಡ್ಡ ಮನುಷ್ಯರಿಗೆ ಗುಡ್ಡದಲ್ಲಿ ಜಿಂಕೆ ತೋರಿಸಿಕೊಡುವುದು ನನ್ನ ಕೆಲಸ. ವರ್ಷಕ್ಕೊಂದು ತೊಡೆ ನನ್ನ ಪಾಲಿಗೆ ಬರುತ್ತದೆ. ಬಂದ ಕೂಡಲೇ ನಮ್ಮತ್ತೆ ಮರ್ಡೀನಾ ಅದನ್ನು ಕೈಮಾ ಮಾಡಿ ಮುಗಿಸುತ್ತಾರೆ. ಗುಡ್ಡದ ಮೇಲೆ ರಾಜನಂತೆ ಬಾಳಿದ ಪ್ರಾಣಿಗೆ ಇದೆಂಥ ಗತಿ! ಈ ಸಲ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಇದನ್ನ ಇಡಿಯಾಗೇ ಬೇಯಿಸ್ತೀನಿ. ಭಾನುವಾರ ಊಟಕ್ಕೆ ಪಾದ್ರಿಗಳನ್ನೂ ಕರೀತೀನಿ."

"ಕರೀರಿ ಅಳಿಯಂದಿರೇ. ಪಾಪ, ಅವರ ತಾಳ್ಮೆಗೂ ಒಂದು ಪರೀಕ್ಷೆ ಬೇಕಲ್ಲ."

"ಮೆತ್ತಗಾಗದಿದ್ರೆ ಇನ್ಮೇಲೆ ಪ್ರತಿ ವರ್ಷದ ತೊಡೆನೂ ನಿಮ್ಮ ಕೈಮಾಕ್ಕೇ. ನಾನು ತುಟಿ ಬಿಚ್ಚಲ್ಲ."

"ಶೋನಾಗ್, ಕೇಳಿಸ್ಕೊಂಡ್ಯಾ? ನೀನೇ ಸಾಕ್ಷಿ" ಎಂದರು ಅತ್ತೆ, ತಮ್ಮ ಮಗಳಿಗೆ, ಅಂದರೆ ನನ್ನ ಹೆಂಡತಿಗೆ.

ನಮ್ಮಲ್ಲಿ ಭಾನುವಾರ ಯಾರೂ ಕೆಲಸ ಮಾಡುವಂತಿಲ್ಲ. ಒಗೆದ ಬಟ್ಟೆ ಹರವುವಂತಿಲ್ಲ, ಆಲೂಗಡ್ಡೆಯನ್ನೂ ಶನಿವಾರವೇ ಹೆರೆದಿಡಬೇಕು. ಅದನ್ನೆಲ್ಲ ನಾನು ಯೋಚಿಸದೆ ಇರುತ್ತೇನೆಯೇ? ಎಂಟು ದಿನ ತೊಡೆಯನ್ನು ತಣ್ಣನೆಯ ಕೊಟ್ಟಿಗೆಯಲ್ಲಿ ನೇತುಹಾಕಿದೆ. ಶನಿವಾರ ಮೂಳೆ ಬಿಡಿಸಿದೆ, ಬೆಳ್ಳಗೆ ಹೊಳೆಯುವ ಪೊರೆಯನ್ನು ಒಂದೆಳೆ ಬಿಡದೆ ತೆಗೆದೆ, ಹಂದಿ ಕೊಬ್ಬು ಸವರಿ ದಾರ ಸುತ್ತಿದೆ, ಬಾಣಲೆಯಲ್ಲಿ ಸುತ್ತಲೂ ಕೆಂಪಗೆ ಹುರಿದೆ. ಜಿಂಕೆ ಮೈಯಲ್ಲಿ ಕೊಬ್ಬಿಲ್ಲ, ಸ್ವಾಮಿ. ಒಳಗಿನ್ನೂ ಕೆಂಪಿರುವಾಗಲೇ ಈಚೆ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಬೆಣ್ಣೆ, ಅರ್ಧ ಗಂಟೆ ತಡವಾದರೆ ಚಪ್ಪಲಿ.

ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಅದನ್ನು ಕಬ್ಬಿಣದ ಒಲೆಯ ಗೂಡಿನೊಳಗೆ ಮಂದ ಉರಿಯಲ್ಲಿ ಇಟ್ಟೆ. ಆರಾಧನೆಗೆ ಒಂದೂವರೆ ಗಂಟೆ, ಮಾಂಸಕ್ಕೂ ಒಂದೂವರೆ ಗಂಟೆ. ಬೇಯಿಸುವುದು ಬೆಂಕಿ, ನಾನಲ್ಲ. ಆದ್ದರಿಂದ ಪಾಪದ ಪ್ರಶ್ನೆಯೂ ಇಲ್ಲ.

ಅವತ್ತು ಪಾದ್ರಿಗಳು ಪ್ರಸಂಗಕ್ಕೆ ಎತ್ತಿಕೊಂಡ ವಿಷಯ, ಮನುಷ್ಯನ ಹೃದಯ ಕಲ್ಲಾಗುವುದಕ್ಕೆ ಐದು ಕಾರಣಗಳು. ಒಂದೂವರೆ ಗಂಟೆ ಆದಾಗ ಅವರು ಎರಡನೆಯದರಲ್ಲಿದ್ದರು. ಅಲ್ಲಿ ನನ್ನ ಮಾಂಸ ಕಲ್ಲಾಗುತ್ತಿದೆ, ಇಲ್ಲಿ ಇವರು ಕಾರಣ ಹುಡುಕುತ್ತಿದ್ದಾರೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಶೋನಾಗ್, ನಾನು ಮನೆಗೆ ಹೋಗ್ತೀನಿ" ಎಂದು ಪಿಸುಗುಟ್ಟಿದೆ.

"ಸುಮ್ನೆ ಕೂತ್ಕೊಳ್ರೀ. ಊರೆಲ್ಲ ನೋಡತ್ತೆ."

ನಾನು ಹೊಟ್ಟೆ ಹಿಡಿದುಕೊಂಡು ಎದ್ದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಪಾದ್ರಿಗಳ ದನಿ ಬಂತು.

"ಹೆಕ್ಟರ್, ಏನಾಯ್ತಪ್ಪಾ?"

"ಹೊಟ್ಟೆನೋವು, ಅಯ್ಯನವರೇ."

"ನಮ್ಮ ಸಹೋದರನಿಗೋಸ್ಕರ ಎಲ್ಲರೂ ಪ್ರಾರ್ಥಿಸೋಣ."

ಇಬ್ಬರು ಹಿರಿಯರು ನನ್ನನ್ನು ಮುಂದಿನ ಬೆಂಚಿಗೆ ಕರೆದೊಯ್ದು ತಮ್ಮ ನಡುವೆ ಕೂರಿಸಿಕೊಂಡರು. ಇಪ್ಪತ್ತು ನಿಮಿಷ ಪ್ರಾರ್ಥನೆ! "ಗುಣ ಆಯ್ತು" ಎಂದೆ. ಗುಣವಾದದ್ದಕ್ಕೆ ಕೃತಜ್ಞತೆಯ ಒಂದು ಕೀರ್ತನೆ! ನಮ್ಮವರು ಕೀರ್ತನೆಯನ್ನು ಎಳೆದೆಳೆದು ಹಾಡುತ್ತಾರೆ. ಒಂದು ಸಾಲು ಮುಗಿಯುವುದರೊಳಗೆ ಒಂದು ಮೊಟ್ಟೆ ಬೇಯುತ್ತದೆ. ಆಮೇಲೆ ಪಾದ್ರಿಗಳು ಎರಡನೆಯ ಕಾರಣವನ್ನು ಮೊದಲಿನಿಂದ ಹೇಳಿದರು. ನನ್ನಿಂದಾಗಿ ಎಲ್ಲಿ ನಿಲ್ಲಿಸಿದ್ದರೆಂಬುದು ಅವರಿಗೆ ಮರೆತುಹೋಗಿತ್ತಂತೆ.

ಮನೆ ಸೇರಿದಾಗ ಒಲೆಗಿಟ್ಟು ಮೂರೂವರೆ ಗಂಟೆ ಕಳೆದಿತ್ತು. ಮಾಂಸ ಅರ್ಧಕ್ಕೆ ಕುಗ್ಗಿತ್ತು. ಚಾಕು ಇಟ್ಟರೆ ಜಾರಿತು. ಒಂದು ಕೈಯಲ್ಲಿ ಒತ್ತಿ ಹಿಡಿದು ಹೇಗೋ ಕೊಯ್ದು ಬಡಿಸಿದೆ. ಪಾದ್ರಿಗಳು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಎಡಕ್ಕೆ ಅಗಿದರು, ಬಲಕ್ಕೆ ಅಗಿದರು. ಶೋನಾಗ್ ಆಲೂಗಡ್ಡೆ ಮಾತ್ರ ತಿಂದಳು. ನಾನು ಪಾದ್ರಿಗಳನ್ನು ಸುಮ್ಮನೆ ಬಿಡಲಿಲ್ಲ.

"ಅಯ್ಯನವರೇ, ಎರಡು ಕಾರಣಕ್ಕೇ ನಿಲ್ಸಿದ್ರೆ ಇದು ಬೆಣ್ಣೆ ಆಗಿರ್ತಿತ್ತು."

ಉತ್ತರ ಕೊಡಲು ಅವರ ಬಾಯಿಗೆ ಬಿಡುವಿರಲಿಲ್ಲ.

ಅತ್ತೆ ಎದ್ದುಹೋಗಿ ಕೈಮಾ ಯಂತ್ರ ತಂದು ಮೇಜಿನ ಅಂಚಿಗೆ ಬಿಗಿದರು. ನನಗೆ ಹೋದ ಜೀವ ಬಂತು. ಭಾನುವಾರ ಕೈಗಾಡಿ ತಳ್ಳಿದನೆಂದು ಒಬ್ಬ ಬಡಪಾಯಿಗೆ ಮುಂದಿನ ಭಾನುವಾರವೆಲ್ಲ ಬೈದವರಲ್ಲವೇ ಈ ಪಾದ್ರಿಗಳು?

"ಅತ್ತೆ, ಇವತ್ತು ಭಾನುವಾರ! ಯಂತ್ರ ತಿರುಗಿಸೋದು ಕೆಲಸ. ಪಾಪ ಬರತ್ತೆ. ನೀವೇ ಹೇಳಿ ಅಯ್ಯನವರೇ."

ಪಾದ್ರಿಗಳು ಕರವಸ್ತ್ರವನ್ನು ಬಾಯಿಗೆ ಒತ್ತಿ, ಮಡಿಸಿ, ಜೇಬಿಗಿಟ್ಟುಕೊಂಡರು.

"ಹೆಕ್ಟರ್, ದೇವರ ದಿನದಲ್ಲೂ ಎರಡು ಥರದ ಕೆಲಸಕ್ಕೆ ಅಪ್ಪಣೆ ಇದೆ. ಒಂದು, ಮಾಡದೆ ವಿಧಿ ಇಲ್ಲದ್ದು. ಇನ್ನೊಂದು, ಕರುಣೆಯದು."

ತಮ್ಮ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

"ಇದು ಎರಡೂ ಹೌದು. ತಿರುಗ್ಸಪ್ಪಾ."