ಎಮ್ಮೆ ನಮ್ಮದು, ಹಗ್ಗ ಕಂಪನಿಯದು

ತಾರಾಮಣಿ ಮೊಬೈಲ್ ಕಂಪನಿಯ ದೊಡ್ಡ ಸಾಹೇಬರ ಸನ್ನಿಧಾನಕ್ಕೆ ಸಾಸ್ವೆಹಳ್ಳಿಯ ಕಸ್ತೂರಮ್ಮನ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವು ಫೋನಿನೊಳಗಿಂದಲೇ ನೋಡುತ್ತಿರುವುದರಿಂದ ಬೇರೆ ಬರೆಯುವ ಅಗತ್ಯವಿಲ್ಲ.

ನನ್ನ ಮೊಣಕಾಲು ನೆಟ್ಟಗಿಲ್ಲದ ಕಾರಣ, ಹೊಳೆದಂಡೆಯ ಮೋಟರನ್ನು ಮನೆಯ ಕಟ್ಟೆಯ ಮೇಲೆ ಕೂತು ಫೋನಿನಿಂದಲೇ ಶುರು ಮಾಡಿ ಭತ್ತದ ಸಸಿಮಡಿಗೆ ನೀರು ಬಿಡುತ್ತಿದ್ದೆ. ನನ್ನನ್ನು ಕೇಳದೆ ತಾವು ಕಳಿಸಿದ ಅಪ್‌ಡೇಟು ಆ ಮೋಟರಿನ ಆ್ಯಪ್ ಹಳೆಯದೆಂದು ತೀರ್ಮಾನಿಸಿ, ಅದನ್ನು ಕಿತ್ತುಹಾಕಿ, ಬದಲಿಗೆ ರಮ್ಮಿ ಆಟವೊಂದನ್ನು ದಯಪಾಲಿಸಿತು. ಸಸಿ ಒಣಗುವಾಗ ಮುದುಕಿ ಇಸ್ಪೀಟಾಡಿ ದುಃಖ ಮರೆಯಲೆಂಬ ತಮ್ಮ ಅಂತಃಕರಣಕ್ಕೆ ಕಣ್ಣು ತುಂಬಿ ಬಂತು. ಆದರೂ ಮಡಿ ಬಿರುಕು ಬಿಡುವುದನ್ನು ನೋಡಲಾರದೆ, ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ದುರುಗೇಶನಿಂದ ಹಳೆಯ ಸಾಫ್ಟ್‌ವೇರನ್ನೇ ಮತ್ತೆ ಹಾಕಿಸಿದೆ. ಮೋಟರು ಓಡಿತು.

ಮೊನ್ನೆ ಬ್ಯಾಟರಿ ಉಬ್ಬಿತು. ತಮ್ಮ ಸರ್ವಿಸ್ ಸೆಂಟರಿನ ಕಾವ್ಯಶ್ರೀ ಎಂಬ ಹುಡುಗಿ ಫೋನನ್ನು ಹಿಂದೆಮುಂದೆ ತಿರುಗಿಸಿ, “ಫೋನ್ ನಿಮ್ದೇ ಐತೆ ಕಣ್ರೀ ಅಮ್ಮಾ, ಒಳಗಿನ ಸಾಫ್ಟ್‌ವೇರ್ ಕಂಪ್ನೀದು. ಅದನ್ನ ಬದಲಾಯಿಸಾಕೆ ಕಾನೂನು ಒಪ್ಪಲ್ಲ” ಎಂದಳು. ಯಾವ ಕಾನೂನು ತಾಯಿ ಎಂದು ಕೇಳಿದರೆ, ಮೇಲಿನವರಿಗೆ ಗೊತ್ತು ಎಂದಳು. ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡರಷ್ಟೇ ಬ್ಯಾಟರಿಯಂತೆ. ಅಂದರೆ ಬ್ಯಾಟರಿ ಬಂದರೆ ಸಸಿ ಹೋಯಿತು. ಆ ಮೇಲಿನವರು ತಾವೇ ಇರಬೇಕೆಂದು ಈ ಪತ್ರ.

ನಮ್ಮ ಕಡೆ ಎಮ್ಮೆ ಮಾರಿದವರು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂದು ಬಿಚ್ಚಿಕೊಂಡು ಹೋಗುತ್ತಾರೆ. ಕೊಂಡವರು ಹೊಸ ಹಗ್ಗ ತಂದು ಕಟ್ಟುತ್ತಾರೆ. ಆದ್ದರಿಂದ ಹಗ್ಗ ತಮ್ಮದೆಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ತಾವು ಅದನ್ನು ಬಿಚ್ಚದೆ, ಎಮ್ಮೆಯನ್ನು ನನ್ನ ಕೊಟ್ಟಿಗೆಯಲ್ಲಿ ಬಿಟ್ಟು, ಹಗ್ಗದ ತುದಿಯನ್ನು ತಮ್ಮ ಆಫೀಸಿನಲ್ಲಿ ಹಿಡಿದು ಕೂತಿದ್ದೀರಿ. ನಾನು ಬೇರೆ ಹಗ್ಗ ಕಟ್ಟಿದರೆ ಅಪರಾಧವೆನ್ನುತ್ತೀರಿ. ನನಗೆ ಸಿಟ್ಟು ಬಂದಿದೆ, ಸ್ವಾಮಿ.

ಹಗ್ಗ ಹಿಡಿದವರು ಸಗಣಿಯನ್ನೂ ಬಾಚಬೇಕಲ್ಲವೇ? ಆದ್ದರಿಂದ ಕರೆಂಟು ಬಂದಾಗಲೆಲ್ಲ ತಾವೇ ಖುದ್ದಾಗಿ ಹೊಳೆದಂಡೆಗೆ ದಯಮಾಡಿಸಿ, ಸ್ಟಾರ್ಟರಿನ ಗುಂಡಿ ಒತ್ತಿ, ಮಡಿ ತುಂಬುವವರೆಗೆ ಬದುವಿನ ಮೇಲೆ ಕೂತಿರಬೇಕೆಂದು ಪ್ರಾರ್ಥನೆ. ಬರುವಾಗ ಆ ಕಾನೂನನ್ನೂ ಜೊತೆಗೆ ತನ್ನಿ. ಬೇಸರ ಕಳೆಯಲು ತಮ್ಮ ರಮ್ಮಿ ಇದ್ದೇ ಇದೆ.

ತಮ್ಮ ವಿಶ್ವಾಸಿ, ಹಾಗೂ ಫೋನಿನ ಹೊರಮೈಗೆ ಮಾತ್ರ ಒಡತಿ,
ಕಸ್ತೂರಮ್ಮ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಕರೆಂಟು ಬಂತು. ಉಬ್ಬಿದ ಫೋನನ್ನು ಸೆರಗಿನಲ್ಲಿ ಹಿಡಿದು ಮೋಟರು ಹಾಕಿದ್ದೇನೆ, ಮಡಿಗೆ ನೀರು ಹೋಗುತ್ತಿದೆ. ಹಗ್ಗ ಬೇಕೇ ಬೇಕೆಂದರೆ ಬಂದು ಬಿಚ್ಚಿಕೊಂಡು ಹೋಗಿ. ಹತ್ತಿರ ಬರುವಾಗ ಹುಷಾರು, ಈ ಎಮ್ಮೆ ಒದೆಯುತ್ತದೆ.