ಸೌದಾ ಮುಗಿದ ಮೇಲೂ ಬಿಡದ ಕೈ

ಜನ ಮನಸ್ಸಿನ ಡಾಕ್ಟರರ ಹತ್ತಿರ ಹೋಗುವುದು ದೊಡ್ಡ ದುಃಖ ಬಂದಾಗ ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ. ದೊಡ್ಡ ದುಃಖಕ್ಕೆ ನೆಂಟರು ಬರುತ್ತಾರೆ, ಪಕ್ಕದ ಮನೆಯಿಂದ ಝುಣಕ ರೊಟ್ಟಿ ಬರುತ್ತದೆ. ಹೆಂಡತಿ ತೀರಿಕೊಂಡಾಗ ನನ್ನ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಆಮೇಲೆ ಎಲ್ಲರೂ ಹೋದರು. ಮುಂದಿನ ಎರಡು ವರ್ಷ ನಾನು ಸಾಂಗಲಿ ಪೇಟೆಯವರಿಗೆಲ್ಲ ಬುದ್ಧಿ ಹೇಳುತ್ತ ಕಳೆದೆ. ಯಾರ ಮಗಳಿಗೆ ಯಾವ ವರ, ಯಾರ ಮಂಡಿನೋವಿಗೆ ಯಾವ ಎಣ್ಣೆ, ಎಲ್ಲ ನನ್ನ ಬಾಯಲ್ಲೇ. ಕೇಳದವರಿಗೆ ಎರಡು ಸಲ ಹೇಳುತ್ತಿದ್ದೆ.

ನಮ್ಮ ಅರಿಸಿನ ವ್ಯಾಪಾರದಲ್ಲಿ ಹಳಬರಿಗೆ ಇನ್ನೂ ಒಂದು ರೂಢಿ ಇದೆ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಒತ್ತಿ ದರ ಗೊತ್ತು ಮಾಡುವುದು. ಸುತ್ತಲಿನವರಿಗೆ ಗುಟ್ಟು ತಿಳಿಯಬಾರದಲ್ಲ. ಕಳೆದ ತಿಂಗಳು ಆರಗದ ರೈತ ಬಾಬಗೌಡರ ಜೊತೆ ಹೀಗೇ ಸೌದಾ ಕುದುರಿತು. ಅವರು ತಲೆಯಾಡಿಸಿದರು, ನಾನೂ ಆಡಿಸಿದೆ. ಇನ್ನು ಟವೆಲ್ ತೆಗೆಯಬೇಕು. ನಾನು ತೆಗೆಯಲಿಲ್ಲ.

"ಸಾವಕಾರ್ರ, ಸೌದಾ ಆತಲ್ರಿ," ಎಂದರು.

"ಆತು."

"ಮತ್ತ ಕೈ ಬಿಡ್ರಿ. ಕೈನೂ ಖರೀದಿ ಮಾಡೀರೇನು?"

ಹಮಾಲರು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಎರಡು ವರ್ಷದಿಂದ ಇನ್ನೊಬ್ಬರ ಬೆಚ್ಚನೆಯ ಕೈ ನನ್ನ ಕೈಗೆ ಸಿಕ್ಕಿದ್ದು ಈ ಟವೆಲಿನ ಕೆಳಗೆ ಮಾತ್ರ ಎಂದು ಆಗ ಹೊಳೆಯಿತು. ಮರುದಿನ ಮಿರಜದ ಬಸ್ಸು ಹತ್ತಿದೆ. ಸಾಂಗಲಿಯಲ್ಲೇ ಮನಸ್ಸಿನ ಡಾಕ್ಟರರ ಹತ್ತಿರ ಹೋದರೆ ಪೇಟೆಯವರ ಕಣ್ಣಿಗೆ ಬೀಳುತ್ತೇನೆ.

ಅಲ್ಲಿ ಸಿಕ್ಕ ಸಮಾಲೋಚಕಿ ಮೂವತ್ತರ ಹುಡುಗಿ. ತಾಯಿ ಕನ್ನಡ ಮಾತಾಡುವ ಬೇಡಗ ಊರಿನವರಂತೆ, ಅಷ್ಟಿಷ್ಟು ಕನ್ನಡ ಬರುತ್ತಿತ್ತು. ನಾನು ಕೂತವನೇ ಬೋರ್ಡು ಎಲ್ಲಿ ಹಾಕಿದರೆ ಜನ ಬರುತ್ತಾರೆ, ಕುರ್ಚಿ ಎಲ್ಲಿ ಅಗ್ಗ ಎಂದು ಅರ್ಧ ತಾಸು ಹೇಳಿದೆ. ಆಕೆ ಎಲ್ಲ ಕೇಳಿ, "ಕಾಕಾ, ನನ್ನ ಅಂಗಡಿ ಸುಧಾರಿಸ್ತು. ನೀವ್ಯಾಕ ಬಂದ್ರಿ?" ಎಂದಳು.

ಟವೆಲಿನ ಕಥೆ ಹೇಳಿದೆ. ಆಕೆ ನಗಲಿಲ್ಲ. ಅದೇ ಕಷ್ಟವಾಯಿತು, ನಕ್ಕಿದ್ದರೆ ನಾನೂ ನಕ್ಕು ಎದ್ದು ಬರಬಹುದಿತ್ತು. ಕಣ್ಣಲ್ಲಿ ನೀರು ಬಂತು. ಅರಿಸಿನದ ಧೂಳು ಎಂದೆ. ಆ ಕೋಣೆಯಲ್ಲಿ ಎಲ್ಲಿಯ ಅರಿಸಿನ!

"ನಾಕು ವಾರ ಬರ್ರಿ, ಆಮ್ಯಾಲ ನೋಡೂಣು," ಎಂದಳು.

"ಎಂಟು ಮಾಡ್ರಿ."

"ಮಂದಿ ಕಮಿ ಮಾಡ್ರಿ ಅಂತಾರ, ಕಾಕಾ!"

ಎಳೆದಾಡಿ ಆರಕ್ಕೆ ಒಪ್ಪಿಸಿದೆ.

ಹೊರಗೆ ಬಂದಾಗ, ಇಂಥ ಸೌದಾ ಜನ್ಮದಲ್ಲಿ ಮಾಡಿಲ್ಲ ಎಂಬಷ್ಟು ಖುಷಿ. ಯಾರಿಗಾದರೂ ಹೇಳೋಣವೆಂದು ಮೊಬೈಲ್ ತೆಗೆದು ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದೆ. ಎಲ್ಲರೂ ನನ್ನ ಬುದ್ಧಿವಾದ ಕೇಳಿ ದಣಿದವರೇ. ಮೊಬೈಲ್ ಜೇಬಿಗಿಟ್ಟೆ. ಬರುವ ಮಂಗಳವಾರ ಮತ್ತೆ ಹೋದಾಗ ಆಕೆಗೇ ಹೇಳಬೇಕು, ನಿನ್ನ ಕೈಯಿಂದ ಎರಡು ವಾರ ಹೇಗೆ ಹೆಚ್ಚಿಗೆ ಗಿಟ್ಟಿಸಿದೆ ನೋಡವ್ವಾ ಎಂದು.